ತುಂಬಿದ ಕೊಡ ತುಳುಕುವುದಿಲ್ಲ, ಆಫೀಸಿನ ಕಣ್ಣಿಗೆ ಅದು ಕಾಣುವುದೂ ಇಲ್ಲ

ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆ ವಾರ್ಡಿಗೆ ನೆಲ ಒರೆಸಲು, ಬೆಡ್‌ಪ್ಯಾನ್ ಕೊಡಲು ಒಬ್ಬ ಆಯಾ ಬರುತ್ತಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಮಾತು ಕಮ್ಮಿ, ನಗು ಅದಕ್ಕಿಂತ ಕಮ್ಮಿ. ಎರಡನೇ ದಿನ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಅಮ್ಮನ ಹತ್ತಿರ ಬಂದರು. "ಅಮ್ಮಾ, ಡ್ರಿಪ್ ಹಾಕಿರೋ ಕೈ ಊದಿದೆಯಲ್ಲ, ಉರೀತಿದೆಯಾ?" ಅಂದರು. ಅಮ್ಮ ಹೂಂ ಅಂದರು. ನಾನು ಪಕ್ಕದ ಸ್ಟೂಲಿನ ಮೇಲೇ ಕೂತಿದ್ದೆ, ನನಗೆ ಕಂಡಿರಲಿಲ್ಲ. ಅವರು ಹೋಗಿ ಸಿಸ್ಟರ್‌ನ ಕರೆದುಕೊಂಡು ಬಂದರು. ಸೂಜಿ ನರದಿಂದ ಜಾರಿ, ಔಷಧಿ ಚರ್ಮದ ಕೆಳಗೆ ಇಳಿಯುತ್ತಿತ್ತು. ಸಿಸ್ಟರ್ ಸೂಜಿ ತೆಗೆದು ಇನ್ನೊಂದು ಕೈಗೆ ಹಾಕಿದರು. ಆಯಾ ಅಷ್ಟರಲ್ಲಿ ಕಿಟಕಿಯ ಕೆಳಗೆ ನೆಲ ಒರೆಸುತ್ತಿದ್ದರು.

ಆ ವಾರ್ಡಿನ ಎಂಟು ಹಾಸಿಗೆಗಳಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗ ಇನ್ನೂ ನೋಡಲು ಬಂದಿಲ್ಲ, ಯಾರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಎಲ್ಲ ಅವರಿಗೆ ಗೊತ್ತಿತ್ತು. ಮೂರನೇ ದಿನ ಅಮ್ಮನ ಮಂಚವನ್ನು ಸ್ವಲ್ಪ ತಿರುಗಿಸಿದರು. "ಈಗ ಹೊಂಗೆ ಮರ ಕಾಣುತ್ತೆ ನೋಡಿ. ಸುಮ್ನೆ ಗೋಡೆ ನೋಡ್ಕೊಂಡು ಮಲಗಿದ್ರೆ ಮನಸ್ಸು ಕೆಡುತ್ತೆ" ಅಂದರು. ಬಾಗಿಲ ಹಿಂದೆ ಅವರ ಕೆಲಸದ ಪಟ್ಟಿ ತೂಗುಹಾಕಿತ್ತು. ಎಷ್ಟು ಹೊತ್ತಿಗೊಮ್ಮೆ ನೆಲ ಒರೆಸಬೇಕು, ಯಾವ ಕಸ ಹಳದಿ ಚೀಲಕ್ಕೆ, ಯಾವುದು ಕೆಂಪು ಚೀಲಕ್ಕೆ ಅಂತ ಬರೆದಿತ್ತು. ಊದಿದ ಕೈಯಾಗಲಿ ಹೊಂಗೆ ಮರವಾಗಲಿ ಅದರಲ್ಲಿ ಇರಲಿಲ್ಲ.

ಇಂಥವರು ಎಲ್ಲ ಕೆಲಸದ ಜಾಗದಲ್ಲೂ ಒಬ್ಬಿಬ್ಬರು ಇರುತ್ತಾರೆ. ಮನಸ್ಸು ತುಂಬಿದವರು ಅಂತ ನಾನು ಅವರನ್ನು ಕರೆಯುತ್ತೇನೆ. ಇವರ ಸ್ವಭಾವ ಎಂಥದ್ದು, ಕೆಲಸಕ್ಕೆ ಇವರಿಂದ ಏನು ಸಿಗುತ್ತದೆ, ಇಂಥ ಮನಸ್ಸು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗಳನ್ನು ಕೇಳಲು ಇದು ಸರಿಯಾದ ಹೊತ್ತು ಅನ್ನಿಸುತ್ತದೆ. ಯಾಕೆಂದರೆ ಈಚೆಗೆ ಕೆಲಸದ ಬಗ್ಗೆ ನಮ್ಮಲ್ಲಿ ನಡೆದ ದೊಡ್ಡ ಚರ್ಚೆಗಳೆಲ್ಲ ಗಂಟೆಯ ಲೆಕ್ಕದ ಸುತ್ತಲೇ ತಿರುಗಿವೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣ ಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2024ರ ಜುಲೈನಲ್ಲಿ ಕರ್ನಾಟಕದಲ್ಲಿ ಐಟಿ ನೌಕರರಿಂದ ದಿನಕ್ಕೆ 14 ಗಂಟೆವರೆಗೆ ಕೆಲಸ ಮಾಡಿಸಲು ದಾರಿ ಮಾಡಿಕೊಡುವ ಪ್ರಸ್ತಾಪ ಸುದ್ದಿಯಾಯಿತು. ಐಟಿ ನೌಕರರ ಸಂಘ ಕೆಐಟಿಯು ಅದನ್ನು ಗಟ್ಟಿಯಾಗಿ ವಿರೋಧಿಸಿತು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆಯ ಮಾತಾಡಿದರು. ಎಷ್ಟು ಹೊತ್ತು ಕೂರಬೇಕು ಅನ್ನುವುದೇ ಮಾತಾಯಿತು. ಕೂತವರ ಮನಸ್ಸು ಎಲ್ಲಿರುತ್ತದೆ ಅನ್ನುವುದು ಹಿಂದೆ ಉಳಿಯಿತು.

ಮೊದಲಿಗೆ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮನಸ್ಸು ತುಂಬಿದವರು ಅಂದರೆ ಯಾವಾಗಲೂ ನಗುನಗುತ್ತಾ ಇರುವವರು ಅಂತ ನಾವು ಅಂದುಕೊಳ್ಳುತ್ತೇವೆ. ಬೆಳಗ್ಗೆ ಎಲ್ಲರಿಗೂ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸುವವರು, ಆಫೀಸ್ ಪಾರ್ಟಿಯಲ್ಲಿ ಮುಂದೆ ನಿಂತು ಕುಣಿಯುವವರು. ಅವರಲ್ಲೂ ಕೆಲವರು ಹಾಗಿರಬಹುದು. ಆದರೆ ಖುಷಿಯೇ ಬೇರೆ, ತುಂಬಿಕೊಂಡಿರುವುದೇ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ರಿಫ್ 1989ರಲ್ಲಿ ಎತ್ತಿದ ತಕರಾರು ಇದೇ. ಅಲ್ಲಿಯವರೆಗಿನ ಸಂಶೋಧನೆ ಬಹುಪಾಲು ಖುಷಿಯನ್ನೂ ಸಮಾಧಾನವನ್ನೂ ಅಳೆದು ಸುಮ್ಮನಾಗುತ್ತಿತ್ತು. ರಿಫ್ ಆರು ಮುಖಗಳನ್ನು ಮುಂದಿಟ್ಟರು. ತನ್ನನ್ನು ಇದ್ದ ಹಾಗೆ ಒಪ್ಪಿಕೊಳ್ಳುವುದು, ಜನರ ಜೊತೆ ನಂಬಿಕೆಯ ನಂಟು, ನಾಲ್ಕು ಜನ ಏನಂದರೂ ತನ್ನ ತೀರ್ಮಾನ ತಾನು ತೆಗೆದುಕೊಳ್ಳುವುದು, ದಿನನಿತ್ಯದ ಬದುಕಿನ ಮೇಲೆ ಹಿಡಿತ, ಬದುಕಿಗೊಂದು ಗುರಿ, ಇನ್ನೂ ಬೆಳೆಯುತ್ತಿದ್ದೇನೆ ಅನ್ನುವ ಅನುಭವ. ಗಮನಿಸಿ, ನಗು ಅನ್ನುವುದು ಈ ಆರರಲ್ಲಿ ಇಲ್ಲ. ಮನೆಯಲ್ಲಿ ಸಾವಾಗಿರುವಾಗಲೂ ಒಬ್ಬರ ಮನಸ್ಸು ಈ ಅರ್ಥದಲ್ಲಿ ತುಂಬಿರಬಹುದು. ಹಬ್ಬದ ದಿನವೂ ಒಬ್ಬರ ಒಳಗು ಖಾಲಿ ಇರಬಹುದು.

ತುಂಬಿದ ಕೊಡ ತುಳುಕುವುದಿಲ್ಲ ಅಂತ ಅಜ್ಜಿಯರು ಹೇಳುತ್ತಿದ್ದುದು ಇದನ್ನೇ, ಅಲ್ವಾ? ತುಳುಕದ ಕೊಡ ಸದ್ದೂ ಮಾಡುವುದಿಲ್ಲ. ಕೆಲಸಕ್ಕೆ ಅಂಕ ಹಾಕುವ ಅಪ್ರೈಸಲ್ ಸಮಯದಲ್ಲಿ ತೊಂದರೆಯಾಗುವುದು ಅಲ್ಲೇ.

ಇವರ ಗುಣಗಳಲ್ಲಿ ಕೆಲಸಕ್ಕೆ ಎಲ್ಲಕ್ಕಿಂತ ಜಾಸ್ತಿ ಬೆಲೆ ತರುವುದು ಯಾವುದು ಅಂತ ಕೇಳಿದರೆ ನಾನು ಯೋಚಿಸದೆ ಹೇಳುತ್ತೇನೆ: ತಪ್ಪಾದಾಗ ತಪ್ಪಾಯಿತು ಅಂತ ಬೇಗ ಹೇಳುವುದು.

ನಾನು ಮೊದಲು ಸೇರಿದ್ದು ಒಂದು ಲೆಕ್ಕಪತ್ರದ ಆಫೀಸಿಗೆ. ಜಿಎಸ್‌ಟಿ ಬಂದ ಹೊಸತು. ಪ್ರತಿ ತಿಂಗಳ 20ರೊಳಗೆ ರಿಟರ್ನ್ ಹಾಕಬೇಕು, 18, 19ನೇ ತಾರೀಖು ಅಂದರೆ ಆಫೀಸಿನಲ್ಲಿ ಊಟ, ನೀರಿನ ಪರಿವೆ ಇರುತ್ತಿರಲಿಲ್ಲ. ಅಂಥ ಒಂದು 19ನೇ ತಾರೀಖು ಸಂಜೆ ನಮ್ಮ ಸೀನಿಯರ್ ಎದ್ದು ಸಾಹೇಬರ ಮೇಜಿನ ಹತ್ತಿರ ಹೋದರು. ಎಲ್ಲರಿಗೂ ಕೇಳುವಷ್ಟು ಮಾಮೂಲಿ ದನಿಯಲ್ಲಿ ಹೇಳಿದರು: "ಸಾರ್, ಆ ಸಿಮೆಂಟ್ ಅಂಗಡಿಯವರದು ಹೋದ ತಿಂಗಳು ಎರಡು ಬಿಲ್ ಡಬಲ್ ಏರಿಸಿಬಿಟ್ಟಿದ್ದೀನಿ. ಇನ್‌ಪುಟ್ ಕ್ರೆಡಿಟ್ ಜಾಸ್ತಿ ತಗೊಂಡಿದ್ದೀವಿ. ಈ ಸಲ ರಿವರ್ಸ್ ಮಾಡೋಣ. ಬಡ್ಡಿ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ ತಂದಿದ್ದೀನಿ." ಕೈಯಲ್ಲಿ ಒಂದು ಚೀಟಿ. ಸಾಹೇಬರು ಚೀಟಿ ನೋಡಿದರು. "ಸರಿ, ಪಾರ್ಟಿಗೆ ನಾನೇ ಫೋನ್ ಮಾಡ್ತೀನಿ" ಅಂದರು. ಅಷ್ಟೇ.

ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಯಾಕೆಂದರೆ ನಾನೂ ಒಂದು ತಪ್ಪು ಮಾಡಿ ವಾರದಿಂದ ಮುಚ್ಚಿಟ್ಟುಕೊಂಡಿದ್ದೆ. ಅವರು ಸೀಟಿಗೆ ಬಂದು ಕೂತ ಹತ್ತು ನಿಮಿಷಕ್ಕೆ ನಾನೂ ಎದ್ದು ಹೋಗಿ ಹೇಳಿದೆ. ಆಮೇಲೆ ಆ ವಾರದಲ್ಲಿ ಇನ್ನಿಬ್ಬರು ಹೇಳಿದರು. ಆ ಸೀನಿಯರ್ ನಮಗೆ ಯಾವ ಉಪದೇಶವನ್ನೂ ಕೊಟ್ಟಿರಲಿಲ್ಲ. ಅವರಿಗೆ ತಪ್ಪು ಅಂದರೆ ಸರಿ ಮಾಡಬೇಕಾದ ಒಂದು ಕೆಲಸ. ತಪ್ಪು ಬೇರೆ, ತಾನು ಬೇರೆ. ತನ್ನನ್ನು ಇದ್ದ ಹಾಗೆ ಒಪ್ಪಿಕೊಂಡವರಿಗೆ ಮಾತ್ರ ಇವೆರಡನ್ನೂ ಬಿಡಿಸಿ ನೋಡಲು ಆಗುತ್ತದೆ.

ಮುಂದೆ ನಾನು ಕೆಲಸ ಮಾಡಿದ ಇನ್ನೊಂದು ಕಡೆ ಸೋಮವಾರದ ಮೀಟಿಂಗ್‌ನಲ್ಲಿ ಹಿಂದಿನ ವಾರದ ತಪ್ಪುಗಳನ್ನು ಹೆಸರು ಸಮೇತ ಓದುತ್ತಿದ್ದರು. ಒಂದೆರಡು ತಿಂಗಳಲ್ಲಿ ಓದಲು ತಪ್ಪುಗಳೇ ಸಿಗದ ಹಾಗಾಯಿತು. ಮ್ಯಾನೇಜರ್‌ಗೆ ಖುಷಿ. ಮಾರ್ಚ್ ಕಳೆದು ಆಡಿಟ್ ಬಂದಾಗ ಎಲ್ಲ ಒಟ್ಟಿಗೆ ಹೊರಬಿತ್ತು.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ನರ್ಸ್‌ಗಳ ತಂಡಗಳನ್ನು ಅಧ್ಯಯನ ಮಾಡಿದಾಗ ಎದುರಾದದ್ದು ಇದೇ ವಿಚಿತ್ರ. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪು ಕಮ್ಮಿ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇದ್ದ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಹತ್ತಿರದಿಂದ ನೋಡಿದಾಗ ಕಾರಣ ತಿಳಿಯಿತು. ಆ ತಂಡಗಳಲ್ಲಿ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಇದನ್ನು ತಂಡದೊಳಗಿನ ಮಾನಸಿಕ ಸುರಕ್ಷತೆ ಅಂತ ವಿವರಿಸಿದರು. ಗೂಗಲ್ 2012ರಲ್ಲಿ ಶುರು ಮಾಡಿ ತನ್ನದೇ 180 ತಂಡಗಳನ್ನು ಅಳೆದು ನೋಡಿತಲ್ಲ, ಅದರಲ್ಲೂ ತಂಡದ ಯಶಸ್ಸಿಗೆ ಮೊದಲ ಕಾರಣವಾಗಿ ಬಂದದ್ದು ಇದೇ. ಯಾರು ಯಾರಿದ್ದಾರೆ ಅನ್ನುವುದಕ್ಕಿಂತ ಅವರು ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ದೊಡ್ಡದಾಗಿತ್ತು.

ಇನ್ನುಳಿದ ಗುಣಗಳು ಇದರ ಬೆನ್ನಿಗೇ ಬರುತ್ತವೆ. ಹೊಸಬರಿಗೆ ಕೆಲಸ ಕಲಿಸಲು ಇವರು ಹಿಂದೆಮುಂದೆ ನೋಡುವುದಿಲ್ಲ. ಕಲಿಸಿದರೆ ತನ್ನ ಕುರ್ಚಿ ಹೋದೀತು ಅನ್ನುವ ಹೆದರಿಕೆ ಇಲ್ಲ. ಆಗದ್ದನ್ನು ಆಗುವುದಿಲ್ಲ ಅನ್ನುತ್ತಾರೆ. ಹೊಗಳಿದರೆ ತೆಗೆದುಕೊಳ್ಳುತ್ತಾರೆ, ಹೊಗಳಲಿ ಅಂತ ಕಾಯುವುದಿಲ್ಲ. ಆರು ಗಂಟೆಗೆ ಬ್ಯಾಗ್ ಹೆಗಲಿಗೇರಿಸಿ ಮನೆಗೆ ಹೋಗುತ್ತಾರೆ. ಈ ಕೊನೆಯದು ಕೆಲವು ಮ್ಯಾನೇಜರ್‌ಗಳಿಗೆ ನುಂಗಲಾರದ ತುತ್ತು. ರಾತ್ರಿ ಒಂಬತ್ತಕ್ಕೂ ಸೀಟಿನಲ್ಲಿ ಕಾಣುವವರೇ ಕೆಲಸಗಾರರು ಅನ್ನುವುದು ನಮ್ಮಲ್ಲಿ ಇನ್ನೂ ಬಲವಾಗಿದೆ.

ಇದನ್ನೆಲ್ಲ ಹಣದಲ್ಲಿ ಅಳೆಯಲು ಆಗುತ್ತದಾ? ಸ್ವಲ್ಪ ಮಟ್ಟಿಗೆ ಆಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರೂ ಸೇರಿ ಮಾಡಿದ ಒಂದು ಅಧ್ಯಯನ ನನಗೆ ತುಂಬ ಹಿಡಿಸಿತು, ಅದನ್ನು ಮಾಡಿದ ಜಾಣತನಕ್ಕಾಗಿ. ಬ್ರಿಟಿಷ್ ಟೆಲಿಕಾಂ ಕಂಪನಿಯ 11 ಕಾಲ್ ಸೆಂಟರ್‌ಗಳು, ಸುಮಾರು 1,800 ಮಂದಿ, ಆರು ತಿಂಗಳು. ವಾರಕ್ಕೊಮ್ಮೆ ಒಂದು ಈಮೇಲ್ ಬರುತ್ತಿತ್ತು. ಅಳುಮುಖದಿಂದ ನಗುಮುಖದವರೆಗಿನ ಎಮೋಜಿಗಳಲ್ಲಿ ಆ ವಾರದ ನಿಮ್ಮ ಮುಖ ಯಾವುದು ಅಂತ ಒತ್ತಬೇಕು. ಇನ್ನೊಂದು ಕಡೆ ಅದೇ ವಾರ ಅವರು ಎಷ್ಟು ಮಾರಾಟ ಮಾಡಿದರು ಅನ್ನುವುದು ಕಂಪನಿಯ ಲೆಕ್ಕದಲ್ಲಿ ಇದ್ದೇ ಇತ್ತು.

ಆದರೆ ಒಂದು ತೊಡಕು ಇದೆ. ಖುಷಿಯಾಗಿದ್ದಕ್ಕೆ ಮಾರಾಟ ಜಾಸ್ತಿಯಾಯಿತೋ, ಮಾರಾಟ ಜಾಸ್ತಿಯಾಗಿದ್ದಕ್ಕೆ ಖುಷಿಯಾದರೋ? ಅದನ್ನು ಬಿಡಿಸಲು ಸಂಶೋಧಕರು ಹವಾಮಾನದ ಮೊರೆ ಹೋದರು. ಮೋಡ ಕವಿದ ದಿನ ಮನಸ್ಸೂ ಮಂಕಾಗುತ್ತದೆ. ಕಿಟಕಿ ಜಾಸ್ತಿ ಇರುವ ಕಟ್ಟಡದಲ್ಲಿ ಕೂತವರಿಗೆ ಮಳೆ, ಮೋಡ ಜಾಸ್ತಿ ಕಾಣುತ್ತದೆ. ಫೋನ್ ಮಾಡುವ ಗಿರಾಕಿಗಳೋ ದೇಶದ ಎಲ್ಲ ಮೂಲೆಯವರು, ಅವರ ಊರಿನ ಹವೆಯೇ ಬೇರೆ. ಹಾಗಾಗಿ ಕಿಟಕಿಯಾಚೆಯ ಹವೆಯಿಂದ ಮನಸ್ಸು ಏರಿಳಿದಾಗ ಮಾರಾಟವೂ ಏರಿಳಿದರೆ, ಮನಸ್ಸೇ ಕಾರಣ ಅನ್ನಬಹುದು. ಹಾಗೆ ನೋಡಿದಾಗ ಖುಷಿಯಾಗಿದ್ದವರು ಸುಮಾರು ಶೇ 13ರಷ್ಟು ಹೆಚ್ಚು ಕೆಲಸ ಮಾಡಿದ್ದು ಕಂಡಿತು. ಹೆಚ್ಚು ಹೊತ್ತು ಕೂತದ್ದರಿಂದ ಅಲ್ಲ, ಅದೇ ಹೊತ್ತಿನಲ್ಲಿ. ಒಂದು ಗಂಟೆಗೆ ಜಾಸ್ತಿ ಕರೆ ಮುಗಿಸಿದರು, ಕರೆ ಮಾಡಿದವರಲ್ಲಿ ಜಾಸ್ತಿ ಜನರನ್ನು ಗಿರಾಕಿಗಳಾಗಿ ಮಾಡಿಕೊಂಡರು.

ಇದು ವಾರದ ಖುಷಿಯ ಲೆಕ್ಕ, ನಾನು ಹೇಳುತ್ತಿರುವ ತುಂಬುತನದ ಪೂರ್ತಿ ಲೆಕ್ಕ ಅಲ್ಲ. ಎಮೋಜಿಯಲ್ಲಿ ಗುರಿ, ನಂಟು, ಬೆಳವಣಿಗೆ ಕಾಣುವುದಿಲ್ಲ. ಆದರೂ ಮನಸ್ಸಿನ ಸ್ಥಿತಿ ಅನ್ನುವುದು ಮನೆಯಲ್ಲಿ ಬಿಟ್ಟು ಬರುವ ಚಪ್ಪಲಿಯಲ್ಲ ಅಂತ ತೋರಿಸಲು ಇಷ್ಟು ಸಾಕು. ಮಾರಾಟ ಎಣಿಸಬಹುದಾದ ಕೆಲಸ, ಆದ್ದರಿಂದ ಲೆಕ್ಕ ಸಿಕ್ಕಿತು. ಊದಿದ ಕೈಯನ್ನು ಮೊದಲು ಕಂಡ ಕಣ್ಣಿಗೆ ಯಾವ ಲೆಕ್ಕ ಇಡೋಣ?

ಹಾಗಾದರೆ ಇಂಥವರನ್ನು ಹುಡುಕಿ ಕೆಲಸಕ್ಕೆ ತೆಗೆದುಕೊಂಡರೆ ಆಯಿತಲ್ಲ ಅಂತ ಎಚ್‌ಆರ್‌ನವರು ಕೇಳಬಹುದು. ಎಷ್ಟೋ ಕಂಪನಿಗಳು ಹಾಗೆ ಮಾಡುತ್ತವೆ ಕೂಡ. ಸ್ವಭಾವ ಅಳೆಯುವ ಆನ್‌ಲೈನ್ ಪರೀಕ್ಷೆ ಕೊಟ್ಟು, ಸಕಾರಾತ್ಮಕ ಮನೋಭಾವದವರು ಬೇಕು ಅಂತ ಜಾಹೀರಾತು ಹಾಕುತ್ತವೆ. ನನಗೆ ಇದರಲ್ಲಿ ನಂಬಿಕೆ ಕಮ್ಮಿ. ತುಂಬಿದ ಮನಸ್ಸು ಒಬ್ಬರು ಮನೆಯಿಂದ ತರುವ ಡಬ್ಬಿ ಊಟದ ಹಾಗಲ್ಲ. ಹುಟ್ಟುಗುಣದ ಪಾಲು ಇದ್ದೇ ಇರುತ್ತದೆ, ಬೆಳೆದ ಮನೆಯ ಪಾಲೂ ಇರುತ್ತದೆ. ಆದರೆ ಅದನ್ನು ಉಳಿಸುವುದೂ ಬರಿದು ಮಾಡುವುದೂ ಕೆಲಸ ಹೊಂದಿಸಿರುವ ರೀತಿ. ಒಳ್ಳೆಯ ಬಾವಿಯನ್ನೂ ದಿನವಿಡೀ ಪಂಪ್ ಹಚ್ಚಿ ಎತ್ತಿದರೆ ಕೆಸರೇ ಬರುತ್ತದೆ.

ರಿಫ್ ಅವರಿಗಿಂತ ಮುಂಚೆಯೇ ಎಡ್ವರ್ಡ್ ಡೆಸಿ ಅನ್ನುವ ಸಂಶೋಧಕರು ಈ ದಿಕ್ಕಿನಲ್ಲಿ ಒಂದು ಚಂದದ ಪ್ರಯೋಗ ಮಾಡಿದ್ದರು. ಅದು 1971ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಮೂರು ಸಲ ಕರೆಸಿ ಸೋಮಾ ಅನ್ನುವ ತುಂಡುಗಳ ಒಗಟು ಕೊಟ್ಟರು. ತುಂಡು ಜೋಡಿಸಿ ಚಿತ್ರದಲ್ಲಿರುವ ಆಕಾರ ಮಾಡಬೇಕು. ಅರ್ಧ ಜನರಿಗೆ ಎರಡನೇ ಸಲ ಬಿಡಿಸಿದ ಒಗಟಿಗೊಂದು ಡಾಲರ್ ಕೊಟ್ಟರು, ಮೂರನೇ ಸಲ ಏನೂ ಕೊಡಲಿಲ್ಲ. ನಡುವೆ ಸಂಶೋಧಕರು ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಪತ್ರಿಕೆಗಳಿದ್ದವು, ಏನು ಬೇಕಾದರೂ ಮಾಡಬಹುದಿತ್ತು. ಅಸಲಿ ಪರೀಕ್ಷೆ ಆ ಎಂಟು ನಿಮಿಷ. ಮೂರನೇ ಸಲ, ಹಣ ಪಡೆದಿದ್ದವರು ಒಗಟನ್ನು ಮುಟ್ಟುವುದು ಮೊದಲಿಗಿಂತ ಕಮ್ಮಿಯಾಯಿತು. ಹಣ ಬಂದು ಹೋದ ಮೇಲೆ ಆಟದ ರುಚಿಯೂ ಸ್ವಲ್ಪ ಹೋಗಿತ್ತು. ಇನ್ನೊಂದು ಪ್ರಯೋಗದಲ್ಲಿ ಹಣದ ಬದಲು ಚೆನ್ನಾಗಿ ಮಾಡಿದಿರಿ ಅಂತ ಹೇಳಿದಾಗ ರುಚಿ ಹೋಗಲಿಲ್ಲ. 1999ರಲ್ಲಿ ಡೆಸಿ ಮತ್ತು ಸಂಗಡಿಗರು ಇಂಥ 128 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಹೆಚ್ಚುಕಮ್ಮಿ ಇದೇ ಕಂಡಿತು.

ಸಂಬಳ ಬೇಡ ಅಂತ ಇದರ ಅರ್ಥ ಅಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ. ಡೆಸಿ ಮತ್ತು ರಿಚರ್ಡ್ ರಯಾನ್ ಇದನ್ನು ಬೆಳೆಸುತ್ತಾ ಹೋಗಿ, ಮನಸ್ಸಿಗೂ ಮೂರು ಹಸಿವು ಇವೆ ಅಂದರು. ನನ್ನ ಕೆಲಸದಲ್ಲಿ ನನ್ನ ಮಾತೂ ನಡೆಯಬೇಕು. ನನಗೆ ಇದು ಬರುತ್ತದೆ ಅನ್ನಿಸಬೇಕು. ಇಲ್ಲಿ ನನ್ನವರು ಅನ್ನುವವರು ಇರಬೇಕು. ಹೊಟ್ಟೆಯ ಹಸಿವಿನ ಹಾಗೆ ಇವೂ ದಿನಾ ಆಗುವಂಥವು. ನಿನ್ನೆ ಉಂಡಿದ್ದು ಇವತ್ತಿಗೆ ಬರುವುದಿಲ್ಲ.

ಆಯಾ ಅವರನ್ನೇ ನೋಡಿ. ಅವರಿಗೆ ಆ ವಾರ್ಡಿನಲ್ಲಿ ಒಂಬತ್ತು ವರ್ಷ ಆಗಿತ್ತು. ಒರೆಸುವ ಹೊತ್ತನ್ನು ರೋಗಿಗಳ ನಿದ್ದೆ ನೋಡಿ ಹಿಂದೆಮುಂದೆ ಮಾಡಿಕೊಳ್ಳಲು ಸಿಸ್ಟರ್ ಬಿಟ್ಟಿದ್ದರು. ಊದಿದ ಕೈ ತೋರಿಸಿದಾಗ "ನಿನ್ನ ಕೆಲಸ ನೀನು ನೋಡ್ಕೋ" ಅನ್ನದೆ ಎದ್ದು ಬಂದರು. ಆ ಸಿಸ್ಟರ್ ಅಷ್ಟು ಮಾಡದೇ ಇದ್ದಿದ್ದರೆ ಮುಂದಿನ ಸಲ ಆಯಾ ಬಾಯಿ ಬಿಡುತ್ತಿದ್ದರಾ? ಮೂರು ಹಸಿವಿಗೂ ಆ ವಾರ್ಡು ಒಂದೊಂದು ತುತ್ತು ಹಾಕುತ್ತಿತ್ತು.

ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಅಮೆರಿಕದ ಒಂದು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಜೊತೆ ಮಾತಾಡಿದಾಗ ಇಂಥದ್ದನ್ನೇ ಕಂಡರು. ಒಂದೇ ಸಂಬಳ, ಒಂದೇ ಪಟ್ಟಿ. ಕೆಲವರು ತಮ್ಮದು ಒರೆಸುವ ಕೆಲಸ, ಇದಕ್ಕೆ ಅಂಥ ಕಸುಬೇನೂ ಬೇಡ ಅಂದರು. ಇನ್ನು ಕೆಲವರು ಅದೇ ಕೆಲಸವನ್ನು ರೋಗಿಗಳನ್ನು ಗುಣಪಡಿಸುವ ಕೆಲಸದ ಒಂದು ಭಾಗ ಅಂತ ಕಂಡರು. ರೋಗಿಗಳನ್ನು ಮಾತಾಡಿಸಿದರು, ನರ್ಸ್‌ಗಳ ಓಡಾಟ ನೋಡಿಕೊಂಡು ತಮ್ಮ ಕೆಲಸ ಹೊಂದಿಸಿಕೊಂಡರು. ಕೊಟ್ಟ ಕೆಲಸವನ್ನು ಒಳಗಿನಿಂದಲೇ ತಿದ್ದಿಕೊಳ್ಳುವ ಈ ಬಗೆಯನ್ನು ಅವರು 2001ರ ಲೇಖನದಲ್ಲಿ ವಿವರಿಸಿದ್ದಾರೆ. ನಮ್ಮ ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ರಾತ್ರಿ ಹೊತ್ತು ಒಬ್ಬಳೇ ಇಳಿಯುವ ಹುಡುಗಿಗೆ ಮನೆ ಹತ್ತಿರದ ತಿರುವಿನಲ್ಲಿ ನಿಲ್ಲಿಸಿ, ಅವಳು ಬೀದಿ ದೀಪ ದಾಟುವವರೆಗೆ ನೋಡಿ, ಆಮೇಲೆ "ರೈಟ್" ಅನ್ನುವ ಕಂಡಕ್ಟರ್ ಮಾಡುವುದೂ ಅದನ್ನೇ.

ತಿದ್ದಿಕೊಳ್ಳಲು ಸ್ವಲ್ಪ ಸಡಿಲು ಜಾಗ ಬೇಕು. ನಿಮಿಷ ನಿಮಿಷವನ್ನೂ ಸಾಫ್ಟ್‌ವೇರ್ ಎಣಿಸುವ ಕಡೆ, ಮೌಸ್ ಅಲ್ಲಾಡದಿದ್ದರೆ ಕೆಂಪು ಗುರುತು ಬೀಳುವ ಕಡೆ ಆ ಜಾಗ ಇರುವುದಿಲ್ಲ. ಪಕ್ಕದ ಸೀಟಿನ ಹೊಸ ಹುಡುಗನಿಗೆ ಇಪ್ಪತ್ತು ನಿಮಿಷ ಎಕ್ಸೆಲ್ ಹೇಳಿಕೊಟ್ಟರೆ ಅಲ್ಲಿ ಅದು ಖಾಲಿ ಕೂತ ಹೊತ್ತಾಗಿ ದಾಖಲಾಗುತ್ತದೆ. ಬೆಲ್ ಕರ್ವ್ ಹಾಕುವ ಅಪ್ರೈಸಲ್‌ನಲ್ಲಿ ಎಲ್ಲರೂ ಚೆನ್ನಾಗಿ ಮಾಡಿದರೂ ಯಾರಾದರೂ ಕೆಳಗೆ ಬೀಳಲೇಬೇಕು. ಹಾಗಿದ್ದ ಮೇಲೆ ಪಕ್ಕದವರಿಗೆ ಹೇಳಿಕೊಡುವವರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡ ಹಾಗೆ. ಒಳ್ಳೆಯ ಮನಸ್ಸಿನವರೂ ಎರಡು ವರ್ಷದಲ್ಲಿ ಬಾಯಿ ಮುಚ್ಚಿಕೊಂಡು ತಮ್ಮ ಪಾಡು ನೋಡಿಕೊಳ್ಳಲು ಕಲಿಯುತ್ತಾರೆ. ಆಮೇಲೆ ಅದೇ ಆಫೀಸು ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಒತ್ತಡ ನಿಭಾಯಿಸುವುದು ಹೇಗೆ ಅಂತ ವೆಬಿನಾರ್ ಮಾಡುತ್ತದೆ.

ಈ ವೆಬಿನಾರ್, ಆ್ಯಪ್, ಧ್ಯಾನದ ತರಗತಿಗಳಿಂದ ಉಪಯೋಗ ಆಗುತ್ತದಾ ಅನ್ನುವುದನ್ನೂ ನೋಡಿದ್ದಾರೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಮಾಹಿತಿ ಇಟ್ಟುಕೊಂಡು 2024ರಲ್ಲಿ ಪ್ರಕಟಿಸಿದರು. ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗಿರಲಿಲ್ಲ. ಸ್ವಲ್ಪ ಒಳ್ಳೆಯದಾದದ್ದು ಸ್ವಯಂಸೇವೆಗೆ ಅವಕಾಶ ಸಿಕ್ಕವರಿಗೆ ಮಾತ್ರ. ನನಗೆ ಇದು ಅರ್ಥವಾಗುವಂಥದ್ದೇ. ಯೋಗ, ಧ್ಯಾನದಲ್ಲಿ ಏನೂ ದೋಷ ಇಲ್ಲ. ಸೋರುವ ಮಾಳಿಗೆಯ ಕೆಳಗೆ ಕೂತವರಿಗೆ ಟವೆಲ್ ಕೊಟ್ಟರೆ ಸಾಕಾಗುವುದಿಲ್ಲ, ಅಷ್ಟೇ.

ಗಂಟೆಯ ಮಾತಿಗೂ ಇಲ್ಲೇ ಉತ್ತರ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ದೀರ್ಘ ಹೊತ್ತಿನ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದಯ ಕಾಯಿಲೆಯಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7,45,000 ಜನ ಸತ್ತರು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಜಾಸ್ತಿ. ಇದು ದೇಹದ ಲೆಕ್ಕ. ಮನಸ್ಸಿನ ಲೆಕ್ಕ ಇದಕ್ಕಿಂತ ಮುಂಚೆಯೇ ಶುರುವಾಗಿರುತ್ತದೆ. ಬರ್ನ್‌ಔಟ್ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಗುರುತಿಸುವಾಗ ಮೂರು ಲಕ್ಷಣ ಹೇಳಿತು: ತ್ರಾಣವೆಲ್ಲ ಬಸಿದುಹೋಗುವುದು, ಕೆಲಸದ ಮೇಲೆ ಮನಸ್ಸು ಮುರಿದು ದೂರವಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮೇಲೆ ಹೇಳಿದ ಹಸಿವುಗಳ ಪಕ್ಕದಲ್ಲಿ ಇವನ್ನು ಇಟ್ಟು ನೋಡಿ. ಹೊಟ್ಟೆಗಿಲ್ಲದೆ ಬಹಳ ದಿನ ಕಳೆದ ಮನಸ್ಸಿನ ಚಿತ್ರವೇ ಕಾಣುತ್ತದೆ. ಬೆಳಗ್ಗೆ ಎಂಟಕ್ಕೆ ಹೊರಟು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಹದಿನಾಲ್ಕು ಗಂಟೆ ಕೂತು, ಮತ್ತೆ ಸಿಲ್ಕ್ ಬೋರ್ಡ್ ದಾಟಿ ಬರುವವರಿಗೆ ನಂಟು ಬೆಳೆಸಲು, ಹೊಸದು ಕಲಿಯಲು ಯಾವ ಹೊತ್ತು ಉಳಿಯುತ್ತದೆ?

ಇನ್ನು ಸಂಬಳದ ಮಾತು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಇಲ್ಲಿ. ಮನಸ್ಸಿಟ್ಟು ಕೆಲಸ ಮಾಡುವವರ ಮೇಲೇ ಭಾರ ಹೇರುವುದು ಸುಲಭ. 2009ರಲ್ಲಿ ಉತ್ತರ ಅಮೆರಿಕದ ಮೃಗಾಲಯಗಳ ಪ್ರಾಣಿಪಾಲಕರ ಬಗ್ಗೆ ಒಂದು ಅಧ್ಯಯನ ಬಂತು. ಈ ಕೆಲಸಕ್ಕೇ ನಾನು ಹುಟ್ಟಿದ್ದು ಅಂದುಕೊಂಡವರಿಗೆ ಕೆಲಸದಲ್ಲಿ ಆಳವಾದ ಅರ್ಥ ಸಿಗುತ್ತಿತ್ತು. ಸಂಬಳ, ಸಮಯ, ಸುಖ ಬಿಟ್ಟುಕೊಡಲು ತಯಾರಾಗುತ್ತಿದ್ದವರೂ ಅವರೇ, ಆಡಳಿತ ತಮ್ಮನ್ನು ಬಳಸಿಕೊಳ್ಳುವ ಅಪಾಯ ಇದ್ದದ್ದೂ ಅವರಿಗೇ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಇನ್ನೊಂದು ದಿಕ್ಕಿನಿಂದ ನೋಡಿದರು. ಒಬ್ಬರಿಗೆ ತನ್ನ ಕೆಲಸದ ಮೇಲೆ ತುಂಬ ಪ್ರೀತಿ ಇದೆ ಅಂತ ಗೊತ್ತಾದರೆ, ಅವರಿಂದ ಸಂಬಳವಿಲ್ಲದೆ ಹೆಚ್ಚಿನ ಕೆಲಸ ಮಾಡಿಸುವುದು ತಪ್ಪಲ್ಲ ಅಂತ ಜನರಿಗೆ ಅನ್ನಿಸುತ್ತದೆ.

ನಮ್ಮ ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ಇದು ಕಣ್ಣೆದುರಿಗೇ ಇದೆ. ಬಸುರಿ ಹೆಂಗಸಿನ ಮನೆಗೆ ಹೋಗಿ ತಾಯಿ ಕಾರ್ಡ್ ನೋಡುವುದು, ಹೆರಿಗೆಗೆ ಜೊತೆಗೆ ಹೋಗುವುದು, ಮಗುವಿನ ಚುಚ್ಚುಮದ್ದಿನ ದಿನ ನೆನಪಿಸುವುದು, ಕೋವಿಡ್ ಕಾಲದಲ್ಲಿ ಮನೆಮನೆ ಬಾಗಿಲು ತಟ್ಟಿದ್ದು. ಊರಿನ ಯಾವ ಮನೆಯ ಅತ್ತೆಗೆ ಯಾವ ಮಾತು ಹೇಳಿದರೆ ಸೊಸೆಯನ್ನು ಆಸ್ಪತ್ರೆಗೆ ಕಳಿಸುತ್ತಾಳೆ ಅನ್ನುವುದು ಅವರಿಗೆ ಗೊತ್ತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಕಾಗದದ ಮೇಲೆ ಅವರು ಸ್ವಯಂಸೇವಕಿಯರು. ಬರುವುದು ಗೌರವಧನ, ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೈಗೆ ಸಿಗುವ ಹಾಗೆ ಮಾಡುವುದಾಗಿ ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಎದ್ದರು. ಸೇವೆ ಅನ್ನುವ ಪದ ಅವರ ಕೆಲಸಕ್ಕೆ ನಿಜವಾಗಿಯೂ ಒಪ್ಪುತ್ತದೆ. ಅದೇ ಪದವನ್ನು ಸಂಬಳದ ಜಾಗದಲ್ಲಿ ಇಡುವುದು ಮಾತ್ರ ನ್ಯಾಯ ಅಲ್ಲ.

ಕಾಯಕದ ಮಾತನ್ನೂ ನಾವು ಹೀಗೇ ಅರ್ಧ ಹಿಡಿದುಕೊಂಡಿದ್ದೇವೆ. ಕಾಯಕವೇ ಕೈಲಾಸ ಅನ್ನುವುದನ್ನು ಇನ್ನಷ್ಟು ದುಡಿಯಿರಿ ಅನ್ನಲು ಬಳಸುತ್ತಾರೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತಲ್ಲ? ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದ. ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಅಂತ ಆಕೆ ವಾಪಸ್ ಕಳಿಸಿದಳು. ಸಾಕು ಅನ್ನುವ ಮಾತು ಕಾಯಕದ ಒಳಗೇ ಇದೆ.

ಕೆಲಸ ಮಾಡಿಸುವವರು ಏನು ಮಾಡಬಹುದು? ದೊಡ್ಡ ಖರ್ಚೇನೂ ಬೇಡ. ಮೊದಲು, ಬದುಕಲು ಸಾಕಾಗುವ ಸಂಬಳ ಹೊತ್ತಿಗೆ ಸರಿಯಾಗಿ ಕೊಡಿ, ಅದಿಲ್ಲದೆ ಉಳಿದ ಮಾತೆಲ್ಲ ದಂಡ. ಆಮೇಲೆ ನಿಮ್ಮ ತಂಡದಲ್ಲಿ ಹೊಸಬರು ಸಂದೇಹ ಬಂದಾಗ ಯಾರ ಹತ್ತಿರ ಹೋಗುತ್ತಾರೆ ಅಂತ ಒಂದು ವಾರ ಗಮನಿಸಿ. ಕೆಟ್ಟ ಸುದ್ದಿ ನಿಮಗೆ ಯಾರಿಂದ, ಎಷ್ಟು ಬೇಗ ಬರುತ್ತದೆ ನೋಡಿ. ಬರುತ್ತಲೇ ಇಲ್ಲ ಅಂದರೆ ಹೆದರಬೇಕು. ಕೆಟ್ಟ ಸುದ್ದಿ ತಂದವರಿಗೆ ನೀವು ಹೇಳುವ ಮೊದಲ ಮಾತನ್ನು ಇಡೀ ಆಫೀಸು ಕೇಳಿಸಿಕೊಳ್ಳುತ್ತಿರುತ್ತದೆ. ನಮ್ಮ ಸಾಹೇಬರು ಅವತ್ತು ಸರಿ ಅಂದದ್ದು ಒಂದೇ ಪದ. ನನಗೆ ಇವತ್ತಿಗೂ ಅದರ ದನಿ ಕಿವಿಯಲ್ಲಿದೆ.

ಇನ್ನೊಂದನ್ನು ಹೇಳಲೇಬೇಕು. ಬೇಸರ, ಖಾಲಿತನ ಎಲ್ಲವೂ ಆಫೀಸಿನದೇ ಆಗಿರಬೇಕಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ರುಚಿ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಕೆಲಸ ಮಾಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಆರು ವಾರ ಬಿಟ್ಟು ಅಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ವಾರ್ಡಿಗೆ ಹೋಗಿ ಆಯಾ ಅವರನ್ನು ಕೇಳಿದೆ. ಹೊಸ ಕಂಟ್ರಾಕ್ಟರ್ ಬಂದಿದ್ದಾರಂತೆ. ಈಗ ಹದಿನೈದು ದಿನಕ್ಕೊಮ್ಮೆ ಎಲ್ಲರ ಜಾಗ ಬದಲಾಗುತ್ತದಂತೆ, ಒಂದೇ ಕಡೆ ಇದ್ದರೆ ಜನ ಸೋಮಾರಿಗಳಾಗುತ್ತಾರೆ ಅನ್ನುವ ಕಾರಣಕ್ಕೆ. ಅವರು ಕೆಳಗೆ ಹೊರರೋಗಿ ವಿಭಾಗದ ಬಾಗಿಲಲ್ಲಿ ಗಾಲಿಕುರ್ಚಿ ತಳ್ಳುತ್ತಿದ್ದರು. ಅಮ್ಮನ ಗುರುತು ಹಿಡಿದರು. "ಕೈ ಊತ ಇಳೀತಾ ಅಮ್ಮಾ?" ಅಂದರು. ಅಮ್ಮ ಕೈ ಮುಂದೆ ಚಾಚಿ ತೋರಿಸಿದರು. ಅವರು ಅದನ್ನು ಹಿಡಿದು ನೋಡುತ್ತಿರುವಾಗಲೇ ಮೇಲ್ವಿಚಾರಕ ಕೂಗಿದ, ಅವರು ಖಾಲಿ ಕುರ್ಚಿ ತಳ್ಳಿಕೊಂಡು ಹೋದರು. ಕಾರಿಗೆ ಬರುವಾಗ ಅಮ್ಮ ಕೇಳಿದರು, "ಈಗ ಮೇಲೆ ಆ ವಾರ್ಡಲ್ಲಿ ಮಲಗಿರೋರನ್ನ ಯಾರು ನೋಡ್ಕೋತಾರೆ?"